ಬದನೆಕಾಯಿ ಕಾರಿಗೆ ಭಾನುವಾರದ ಅರ್ಧ ಸುತ್ತು

ಕಾರಿನ ಮುಂದಿನ ಗಾಜಿನೊಳಗೆ ‘ಮಾರಾಟಕ್ಕಿದೆ’ ಎಂಬ ರಟ್ಟು ಇಟ್ಟವನು ನಾನು. ಅಕ್ಷರ ಸೊಟ್ಟಗಾಗಬಾರದೆಂದು ಸ್ಕೇಲಿನಿಂದ ಗೆರೆ ಎಳೆದುಕೊಂಡು ಬರೆದಿದ್ದೆ. ಆದರೆ ಕಾರು ನನ್ನದಲ್ಲ. ಅದು ನಿಂತಿದ್ದ ಷೆಡ್ಡು ಮಾತ್ರ ನನ್ನದು.

ಇಂದಿರಾನಗರದಲ್ಲಿ ನಾವು ಮನೆ ಕಟ್ಟಿಸುವಾಗ ನಕ್ಷೆ ಬರೆದವರು ಕಾಂಪೌಂಡಿನ ಮೂಲೆಯಲ್ಲಿ ಒಂದು ಕಾರ್ ಷೆಡ್ಡನ್ನೂ ಬರೆದಿದ್ದರು. ನಕ್ಷೆಯಲ್ಲಿ ಇರುವುದನ್ನು ಕಟ್ಟಬೇಕು, ಇಲ್ಲದ್ದನ್ನು ಕಟ್ಟಬಾರದು ಎಂಬುದು ನನ್ನ ರೀತಿ. ಕಟ್ಟಿಸಿದೆ. ಕಾರು ಕೊಳ್ಳುವ ಯೋಚನೆ ಮಾತ್ರ ನಮಗೆ ಯಾವತ್ತೂ ಬರಲಿಲ್ಲ. ಕೆಲಸಕ್ಕೆ ಹೋಗಲು ಕಾರ್ಖಾನೆಯ ಬಸ್ಸು ಬರುತ್ತಿತ್ತು. ಹಲಸೂರಿನ ಮಾರ್ಕೆಟ್ಟಿಗೆ ಸೈಕಲ್ಲು ಸಾಕಾಗಿತ್ತು. ಹೀಗಾಗಿ ಷೆಡ್ಡಿನಲ್ಲಿ ಬಹಳ ವರ್ಷ ಹಂಡೆ ಒಲೆಯ ಸೌದೆ, ತೆಂಗಿನ ಮಟ್ಟೆ ಮತ್ತು ಮಕ್ಕಳ ಹಳೆಯ ತೊಟ್ಟಿಲು ವಾಸವಾಗಿದ್ದವು.

ನಾನು ಸರ್ಕಾರಿ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿದ್ದೆ. ಬೇರೆಯವರು ಮಾಡಿದ ಬಿಡಿಭಾಗಗಳನ್ನು ಅಳೆದು, ಪರೀಕ್ಷಿಸಿ, ಸರಿ ಇದ್ದರೆ ಮುದ್ರೆ ಒತ್ತುವುದು, ಇಲ್ಲದಿದ್ದರೆ ಹಿಂದಕ್ಕೆ ಕಳಿಸುವುದು. ಸ್ವತಃ ಪರೀಕ್ಷಿಸದ ಯಾವುದಕ್ಕೂ ಮುದ್ರೆ ಒತ್ತಕೂಡದು ಎಂಬುದು ಆ ವಿಭಾಗದ ಮೊದಲ ಪಾಠ. ನಿವೃತ್ತನಾದ ಮೇಲೂ ಬೆಳಿಗ್ಗೆ ಕಾರ್ಖಾನೆಯ ಸೈರನ್ ಕೇಳಿಸುತ್ತಲೇ ಇತ್ತು. ನಾನೂ ಸೈರನ್ನಿಗೆ ಸರಿಯಾಗಿ ಗಡ್ಡ ಬೋಳಿಸಿಕೊಂಡು, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಶೂಗಳಿಗೆ ಪಾಲಿಷ್ ಹಚ್ಚಿ, ಜಗಲಿಯ ಮೇಲೆ ಬಂದು ಕೂರುತ್ತಿದ್ದೆ. ಅಲ್ಲಿಂದ ಮುಂದೆ ಏನು ಮಾಡಬೇಕೆಂಬುದು ತಿಳಿಯುತ್ತಿರಲಿಲ್ಲ.

ಅಂಥ ಒಂದು ಬೆಳಿಗ್ಗೆ ಹಡಗಿನವನು ಬಂದ. ಹಿಂದೆ ನಮ್ಮ ವಿಭಾಗದಲ್ಲಿ ಅಪ್ರೆಂಟಿಸ್ ಆಗಿದ್ದವನು, ಹಲಸೂರಿನವನು. ಆಮೇಲೆ ಸರಕು ಹಡಗುಗಳಲ್ಲಿ ಇಂಜಿನಿಯರಾಗಿ ಸೇರಿಕೊಂಡಿದ್ದ. ವರ್ಷದಲ್ಲಿ ಬಹುಪಾಲು ಸಮುದ್ರದ ಮೇಲೆ, ಉಳಿದಷ್ಟು ದಿನ ರಜೆ. ಆ ರಜೆಗಳಲ್ಲಿ ಅವನು ಒಂದು ಕಾರು ಕಟ್ಟಿದ್ದ. ಇಡಲು ಅವನ ಮನೆಯ ಓಣಿಯಲ್ಲಿ ಜಾಗವಿರಲಿಲ್ಲ.

ಆ ಕಾರಿನ ಹೊರಮೈ ಸಿಕ್ಕಿದ್ದು ಶಿವಾಜಿನಗರದ ಗುಜರಿಯಲ್ಲಿ. ಎರಡನೆಯ ಮಹಾಯುದ್ಧಕ್ಕಿಂತ ಮುಂಚಿನ ವಿಲಾಯಿತಿ ಕಾರು. ಎರಡೇ ಬಾಗಿಲು, ಎರಡೇ ಸೀಟು. ಸಿಕ್ಕಿದಾಗ ಅದರೊಳಗೆ ಕೋಳಿಗಳು ಮೊಟ್ಟೆ ಇಡುತ್ತಿದ್ದವಂತೆ. ಅಲ್ಲಿನ ಒಬ್ಬ ಟಿಂಕರಿಂಗ್ ಕೆಲಸದವನ ಜೊತೆ ಸೇರಿ ಇವನು ಅದರ ಛಾವಣಿಯನ್ನು ಅಂಗೈ ಅಗಲ ಕತ್ತರಿಸಿ ತಗ್ಗಿಸಿದ, ಮುಂದಿನ ಮಡ್‌ಗಾರ್ಡುಗಳನ್ನು ಕಿತ್ತುಹಾಕಿದ, ಒಳಗೆ ಜೀಪಿನ ಇಂಜಿನ್ ಕೂರಿಸಿದ. ಹಿಂದೆ ಅಗಲವಾದ ದೊಡ್ಡ ಟೈರುಗಳು, ಮುಂದೆ ಚಿಕ್ಕವು. ಹಾಗಾಗಿ ನಿಂತಲ್ಲಿಯೇ ಅದು ಮೂತಿ ತಗ್ಗಿಸಿ ಓಡಲು ಹೊರಟ ಹಾಗೆ ಕಾಣುತ್ತಿತ್ತು. ಬಣ್ಣ ಕಡುನೇರಳೆ. ಹೊರದೇಶದ ಯಾವುದೋ ಬಂದರಿನಲ್ಲಿ ಇಂಥ ಕಾರುಗಳ ಸಾಲನ್ನೇ ನೋಡಿ ಬಂದಿದ್ದನಂತೆ.

“ಇದಕ್ಕೆ ಸ್ಟ್ರೀಟ್ ರಾಡ್ ಅಂತಾರೆ ಸಾರ್,” ಎಂದ.

ನನ್ನ ಹೆಂಡತಿ ಜಗಲಿಯಿಂದಲೇ ಒಮ್ಮೆ ನೋಡಿ, “ರಾಡೂ ಇಲ್ಲ ಗೀಡೂ ಇಲ್ಲ. ಬದನೆಕಾಯಿ,” ಎಂದಳು. ಅದೇ ಹೆಸರು ನಿಂತಿತು. ತಿಂಗಳೊಪ್ಪತ್ತಿನಲ್ಲಿ ಬೀದಿಯವರೆಲ್ಲ ಹಾಗೇ ಕರೆಯುತ್ತಿದ್ದರು.

ಮಾಡಿದ ಬದಲಾವಣೆಗಳನ್ನೆಲ್ಲ ಆರ್‌ಸಿ ಪುಸ್ತಕದಲ್ಲಿ ಬರೆಸಿಕೊಂಡು ಬಾ, ಆಮೇಲೆ ಷೆಡ್ಡಿನ ಮಾತು ಎಂದೆ. ತಲೆ ಕೆರೆದುಕೊಂಡು ಹೋದವನು ಆ ರಜೆಯನ್ನೆಲ್ಲ ಅದಕ್ಕೇ ಕಳೆದು ಬರೆಸಿಕೊಂಡು ಬಂದ. ಸೌದೆ ಹಿತ್ತಲಿಗೆ ಹೋಯಿತು, ತೊಟ್ಟಿಲು ಅಟ್ಟ ಸೇರಿತು. ಬೀಗದ ಕೈ ನನ್ನ ಕೈಗೆ ಬಂತು.

“ದಿನಾ ಒಂದ್ಸಲ ಸ್ಟಾರ್ಟ್ ಮಾಡಿ ಸಾರ್, ಸಾಕು. ನಿಂತಲ್ಲೇ ನಿಂತ್ರೆ ಸತ್ತೋಗತ್ತೆ.”

ನನಗೆ ಬೇಕಾಗಿದ್ದದ್ದೂ ಅದೇ. ಮರುದಿನದಿಂದ ಜಗಲಿಯಲ್ಲಿ ಕೂರುವುದು ತಪ್ಪಿತು. ಷೆಡ್ಡಿನ ಬಾಗಿಲು ತೆಗೆದು, ಆಯಿಲ್ ನೋಡಿ, ರೇಡಿಯೇಟರಿನ ನೀರು ನೋಡಿ, ಪೆಟ್ರೋಲಿನ ನಲ್ಲಿ ತಿರುಗಿಸಿ, ಚೋಕ್ ಎಳೆದು, ಗುಂಡಿ ಒತ್ತುವುದು. ಮೊದಲು ಕೆಮ್ಮುತ್ತಿತ್ತು, ಆಮೇಲೆ ಗಂಟಲು ಸರಿಮಾಡಿಕೊಂಡು ಒಂದೇ ಸಮನೆ ಮಾತಾಡುತ್ತಿತ್ತು. ಬಿಸಿಯಾಗುವವರೆಗೂ ಪಕ್ಕದಲ್ಲಿ ನಿಂತು ಕೇಳುತ್ತಿದ್ದೆ. ಸದ್ದಿನಲ್ಲಿ ಸ್ವಲ್ಪ ವ್ಯತ್ಯಾಸವಾದರೂ ಗೊತ್ತಾಗುತ್ತಿತ್ತು.

ಇನ್ನೊಂದು ಕೆಲಸವನ್ನು ನಾನೇ ಸೇರಿಸಿಕೊಂಡೆ. ಒಂದೇ ಕಡೆ ನಿಂತ ಟೈರು ನೆಲ ತಾಗಿದಲ್ಲಿ ಚಪ್ಪಟೆಯಾಗುತ್ತದೆ. ಅದಕ್ಕಾಗಿ ಹಿಂದಿನ ಟೈರಿನ ಬದಿಗೆ ಬಿಳಿ ಪೇಂಟಿನಿಂದ ರೂಪಾಯಿ ಅಗಲದ ಒಂದು ಬೊಟ್ಟು ಇಟ್ಟೆ. ಪ್ರತಿ ಭಾನುವಾರ ಕಾರನ್ನು ಚಕ್ರದ ಅರ್ಧ ಸುತ್ತಿನಷ್ಟು ತಳ್ಳುವುದು. ಈ ವಾರ ಬೊಟ್ಟು ಕೆಳಗಿದ್ದರೆ ಮುಂದಿನ ವಾರ ಮೇಲೆ. ನಾನು ಒಬ್ಬನೇ ತಳ್ಳಲಾರೆ. ಹಾಲಿನವರು, ಇನ್ಶೂರೆನ್ಸ್ ಕಚೇರಿಯಲ್ಲಿದ್ದ ಎದುರುಮನೆಯ ಯಜಮಾನರು, ಯಾರು ಸಿಕ್ಕಿದರೆ ಅವರು ಕೈ ಹಾಕುತ್ತಿದ್ದರು. ಆಯುಧಪೂಜೆಯ ದಿನವೂ ಅಷ್ಟೆ: ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಎಲ್ಲರೂ ಸೇರಿ ತಳ್ಳಿ ಅದನ್ನು ಅಪ್ಪಚ್ಚಿ ಮಾಡುವುದು.

“ನಮ್ಮ ಬೀದೀಲಿ ಗಾಡಿ ಜನಾನ ಹೊತ್ಕೊಂಡು ಹೋಗಲ್ಲ ಕಣ್ರೀ, ಜನ ಗಾಡೀನ ತಳ್ಕೊಂಡು ಹೋಗ್ತಾರೆ,” ಎಂದು ಎದುರುಮನೆಯವರು ಪ್ರತಿ ವರ್ಷ ತಪ್ಪದೆ ಹೇಳುತ್ತಿದ್ದರು. ನಾವೂ ತಪ್ಪದೆ ನಗುತ್ತಿದ್ದೆವು.

ಗೇರಿಗೆ ಹಾಕಿ ಓಡಿಸಬಹುದಿತ್ತಲ್ಲ ಎಂದರೆ, ನನಗೆ ಲೈಸೆನ್ಸ್ ಇರಲಿಲ್ಲ. ಓಡಿಸಲು ಬರುತ್ತಲೂ ಇರಲಿಲ್ಲ. ಹಡಗಿನವನು ರಜೆಗೆ ಬಂದಾಗ ಓಡಿಸಿಕೊಂಡು ಹೋಗುತ್ತಿದ್ದ, ರಜೆ ಮುಗಿದಾಗ ತಂದು ನಿಲ್ಲಿಸುತ್ತಿದ್ದ. ಹೀಗೆ ವರ್ಷಗಳು ನಡೆದವು.

ಒಂದು ದಿನ ಅವನ ಫೋನು ಬಂತು. ಮದುವೆ ಗೊತ್ತಾಗಿತ್ತು, ಹಡಗು ಬಿಟ್ಟು ಚೆನ್ನೈ ಬಂದರಿನಲ್ಲಿ ನೆಲದ ಮೇಲಿನ ಕೆಲಸ ಹಿಡಿದಿದ್ದ, ಅಲ್ಲಿನ ಮನೆ ಮೂರನೆಯ ಮಹಡಿಯಲ್ಲಿತ್ತು.

“ಗಾಡಿ ಕೊಟ್ಬಿಡೋಣ ಸಾರ್. ಯಾರಾದ್ರೂ ಒಳ್ಳೆಯವ್ರು ಸಿಕ್ರೆ ನೀವೇ ನೋಡಿ. ನೀವು ಸರಿ ಅಂದ್ರೆ ಸರಿ.”

ಆಗ ನಾನು ರಟ್ಟು ಬರೆದೆ.

ಮೊದಲು ಬಂದವರು ಹಳೆಯ ಕಾರುಗಳ ಷೋಕಿಯ ಒಬ್ಬ ಹಿರಿಯರು, ತಲೆಗೆ ಹ್ಯಾಟು. ಸುತ್ತ ಒಂದು ಪ್ರದಕ್ಷಿಣೆ ಹಾಕಿ, ತಗ್ಗಿಸಿದ ಛಾವಣಿಯ ಮೇಲೆ ಕೈಯಾಡಿಸಿ, ಯಾರೋ ತೀರಿಹೋದವರ ಮನೆಗೆ ಬಂದವರಂತೆ ತಲೆ ಅಲ್ಲಾಡಿಸಿದರು. “ಎಂಥ ಗಾಡಿ ಇದು ಗೊತ್ತಾ? ಕೆಡಿಸಿಬಿಟ್ಟಿದಾರೆ. ಹಳೇದೂ ಅಲ್ಲ, ಹೊಸದೂ ಅಲ್ಲ.” ಕಾಫಿಯನ್ನೂ ಕುಡಿಯದೆ ಹೋದರು.

ಆಮೇಲೆ ಕಗ್ಗದಾಸಪುರದ ಕಡೆಯಿಂದ ಇಬ್ಬರು ತರುಣರು ಒಂದೇ ಮೋಟಾರ್ ಸೈಕಲ್ಲಿನಲ್ಲಿ ಬಂದರು.

“ಮಗಾ, ಏನ್ ಗುರು ಇದು! ಅಂಕಲ್, ಒಂದು ರೌಂಡ್ ಹಾಕ್ಸಿ ಅಂಕಲ್.”

“ನಾನು ಓಡಿಸೋದಿಲ್ಲ,” ಎಂದೆ.

“ಪೆಟ್ರೋಲ್ ಇಲ್ವಾ?”

“ಪೆಟ್ರೋಲ್ ಇದೆ. ಲೈಸೆನ್ಸ್ ಇಲ್ಲ.”

ಇಬ್ಬರೂ ಮುಖ ಮುಖ ನೋಡಿಕೊಂಡರು. “ಮತ್ತೆ ದಿನಾ ಬೆಳಿಗ್ಗೆ ಸ್ಟಾರ್ಟ್ ಮಾಡ್ತೀರಂತೆ, ಹಾಲಿನವ್ರು ಹೇಳಿದ್ರು. ಯಾರಿಗ್ ಅಂಕಲ್ ಅದು? ದೇವರಿಗಾ?”

ಅವರು ನಗುತ್ತಾ ಹೋದರು. ಕೊಳ್ಳುವ ಉದ್ದೇಶ ಅವರಿಗಿರಲಿಲ್ಲ.

ಕೊಂಡವರು ಕಲ್ಯಾಣ ನಗರದಲ್ಲಿ ರಿಂಗ್ ರೋಡಿನ ಮೇಲೆ ಹೊಸದಾಗಿ ಫರ್ನಿಚರ್ ಅಂಗಡಿ ತೆರೆದಿದ್ದ ಒಬ್ಬರು. ಮೆಲುಮಾತಿನ, ದುಂಡು ಮುಖದ ಮನುಷ್ಯ. ಷೆಡ್ಡಿನ ಬಾಗಿಲಲ್ಲೇ ನಿಂತು, “ಆಹಾ!” ಎಂದರು. ಛಾವಣಿ ಕತ್ತರಿಸಿದ್ದು, ಟೈರು ಬದಲಿಸಿದ್ದು ಯಾವುದರ ಬಗ್ಗೆಯೂ ಅವರ ತಕರಾರಿರಲಿಲ್ಲ.

“ಅಂಗಡಿ ಮುಂದೆ ಪೂರಾ ಗಾಜು ಹಾಕ್ಸಿದೀನಿ ಸ್ವಾಮಿ. ಅದರೊಳಗೆ, ಮಂಚದ ಪಕ್ಕ ನಿಲ್ಲಿಸ್ತೀನಿ. ರೋಡಲ್ಲಿ ಹೋಗೋರೆಲ್ಲ ತಿರುಗಿ ನೋಡ್ಬೇಕು.”

“ಓಡಿಸೋದಿಲ್ವಾ?”

“ಅಯ್ಯೋ, ಯಾರು ಓಡಿಸ್ತಾರೆ? ಪೆಟ್ರೋಲ್, ಆಯಿಲ್ ತೆಗ್ಸಿ, ಬ್ಯಾಟ್ರಿ ಬಿಚ್ಚಿ ಇಟ್ರೆ ಮುಗೀತು. ಧೂಳು ಒರೆಸ್ಕೊಂಡು ಇರೋದು.” ಆಮೇಲೆ, ಏನೋ ಕೇಳಬೇಕಲ್ಲ ಎಂಬಂತೆ ಕೇಳಿದರು: “ಅಂದ ಹಾಗೆ ಹೇಗೆ ಓಡತ್ತೆ ಸ್ವಾಮಿ ಇದು?”

ಅಷ್ಟು ವರ್ಷ ದಿನವೂ ಅದನ್ನು ಸರಿ ಇದೆ ಎಂದು ಬಾಗಿಲು ಹಾಕಿದ್ದೆ. ಒಂದು ಗಜವೂ ಓಡಿಸಿ ನೋಡಿರಲಿಲ್ಲ. ಕಾರ್ಖಾನೆಯಲ್ಲಿ ಇಂಥ ತಪಾಸಣೆ ಮಾಡಿದ್ದರೆ ನನ್ನನ್ನು ನಾನೇ ಹಿಂದಕ್ಕೆ ಕಳಿಸುತ್ತಿದ್ದೆ.

ದಸರಾ ರಜೆಗೆ ಹಡಗಿನವನು ಬಂದು ಸಹಿ ಹಾಕಿಕೊಟ್ಟ ಮೇಲೆ, ಲಾರಿ ತಂದು ಸಾಗಿಸುವುದೆಂದು ಮಾತಾಯಿತು. ಅಂದು ಸಂಜೆ ನನ್ನ ಹೆಂಡತಿ ಜಗಲಿಯಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ಪಕ್ಕದಲ್ಲಿ ಕೂತು ಹೇಳಿದೆ.

“ಗಾಜಿನೊಳಗೆ ಹೋದ ಮೇಲೆ ಅದು ಮತ್ತೆ ರಸ್ತೆಗೆ ಬರೋದಿಲ್ಲ. ಹೋಗೋಕೆ ಮುಂಚೆ ಒಂದು ಸಲ ಓಡಿಸ್ಬೇಕು ಅಂತಿದೆ.”

“ಯಾರು?”

“ನಾನು.”

ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ. “ಅಂಗಡಿ ತನಕ ನೀವೇ ತಗೊಂಡ್ಹೋಗಿ ಬಿಟ್ಟು ಬನ್ನಿ ಮತ್ತೆ. ಲಾರಿ ಯಾಕೆ? ಹುಷಾರಿಲ್ದೋರನ್ನ ಸಾಗಿಸಿದ ಹಾಗೆ.”

ಫೋನಿನಲ್ಲಿ ಹಡಗಿನವನಿಗೆ ಹೇಳಿದೆ. “ನೀವಾ ಸಾರ್? ಲೈಸೆನ್ಸು?” ಎಂದ. ಮಾಡಿಸುತ್ತೇನೆ ಎಂದೆ. “ಹಂಗಾದ್ರೆ ನೀವೇ ಓಡ್ಸಿ ಸಾರ್. ಬೇರೆ ಯಾರೂ ಬೇಡ,” ಎಂದ.

ದಸರಾಕ್ಕೆ ಇನ್ನೂ ಸಮಯವಿತ್ತು. ಮರುದಿನವೇ ಲರ್ನಿಂಗ್ ಲೈಸೆನ್ಸಿಗೆ ಅರ್ಜಿ ಹಾಕಿದೆ. ಅದು ಬಂದ ಮೇಲೆ ನಮ್ಮ ಕಡೆಯ ಒಂದು ಡ್ರೈವಿಂಗ್ ಸ್ಕೂಲಿಗೆ ಸೇರಿದೆ. ಕಲಿಸುವವರು ಶಿವಾಜಿನಗರದ ಒಬ್ಬ ಸಾಹೇಬರು, ನನಗಿಂತ ಬಹಳ ಚಿಕ್ಕವರು, ಸದಾ ಲವಲವಿಕೆ. ಪುಟ್ಟ ಬಿಳಿ ಕಾರು. ಅವರು ಹೇಳಿದ ಹೊತ್ತಿಗೆ ನಾನು ಗೇಟಿನ ಮುಂದೆ ನಿಂತಿರುತ್ತಿದ್ದೆ. ಅವರು ಬರುವುದು ಅವರ ಹೊತ್ತಿಗೆ.

“ಟೆನ್ಷನ್ ಮಾಡ್ಕೋಬೇಡಿ ಸಾರ್, ನಾನ್ ಇದೀನಲ್ಲ. ಫಸ್ಟ್ ಹಾಕಿ. ಕ್ಲಚ್ ಬಿಡಿ ಆಹಿಸ್ತಾ. ಸೂಪರ್! ಕ್ಯಾ ಬಾತ್ ಹೈ ಸಾರ್!”

ಕಾರು ಬೆಣ್ಣೆಯ ಹಾಗೆ ಹೊರಟಿತು. ನೂರಡಿ ರಸ್ತೆ, ಹಲಸೂರು ಕೆರೆಯ ಪಕ್ಕ, ಮತ್ತೆ ಹಿಂದಕ್ಕೆ. ಒಂದು ಸಲವೂ ಇಂಜಿನ್ ನಿಲ್ಲಲಿಲ್ಲ. ಈ ವಯಸ್ಸಿಗೆ ಇಷ್ಟು ಬೇಗ ಕಲಿತವರನ್ನು ನಾನು ನೋಡೇ ಇಲ್ಲ ಎಂದು ಸಾಹೇಬರು ಹೇಳಿದರು. ಶಿಸ್ತು ಇದ್ದರೆ ಯಾವುದೂ ಕಷ್ಟವಲ್ಲ ಎಂದು ನಾನು ಮನೆಯಲ್ಲಿ ಎರಡು ಮೂರು ಸಲ ಹೇಳಿದೆ. ಹೆಂಡತಿ ಕೇಳಿಸಿಕೊಂಡಳು.

ತರಗತಿಗಳು ಮುಗಿಯುತ್ತ ಬಂದಾಗ, ಒಂದು ಭಾನುವಾರ ಸಾಹೇಬರನ್ನು ಮನೆಗೆ ಕರೆದೆ. ಲೈಸೆನ್ಸ್ ಇರುವವರು ಪಕ್ಕದಲ್ಲಿದ್ದು, ಮುಂದೆ ಹಿಂದೆ ಕೆಂಪು ‘ಎಲ್’ ಬೋರ್ಡು ಇದ್ದರೆ ನಾನು ಬದನೆಕಾಯಿಯನ್ನು ರಸ್ತೆಗೆ ಇಳಿಸಬಹುದಿತ್ತು. ಬೋರ್ಡುಗಳನ್ನು ಕಟ್ಟಿದೆ. ಎದುರುಮನೆಯವರು ಪೇಪರು ಬಿಟ್ಟು ಗೇಟಿಗೆ ಬಂದರು. ಸಾಹೇಬರು ಎಡಗಡೆ ಕೂತರು, ನಾನು ಸ್ಟೇರಿಂಗ್ ಹಿಡಿದೆ, ಮೊದಲ ಗೇರು ಹಾಕಿದೆ, ಕಲಿತ ಹಾಗೆಯೇ ಕ್ಲಚ್ ಬಿಟ್ಟೆ.

ಕಾರು ಕುದುರೆಯಂತೆ ಒಮ್ಮೆ ನೆಗೆದು ನಿಂತುಹೋಯಿತು.

ಮತ್ತೆ ಗುಂಡಿ ಒತ್ತಿದೆ. ಮತ್ತೆ ನೆಗೆಯಿತು, ನಿಂತಿತು. ಮೂರನೆಯ ಸಲ ಎಡಗಡೆಯಿಂದ ದಪ್ ದಪ್ ಎಂದು ಸದ್ದು ಕೇಳಿಸಿತು. ಇಂಜಿನ್ನಿನದಲ್ಲ, ಅದರ ಸದ್ದುಗಳೆಲ್ಲ ನನಗೆ ಗೊತ್ತು. ತಿರುಗಿ ನೋಡಿದೆ. ಸಾಹೇಬರ ಕಾಲುಗಳು ಖಾಲಿ ನೆಲವನ್ನು ತುಳಿಯುತ್ತಿದ್ದವು.

“ಸಾಹೇಬ್ರೇ, ನಿಮ್ಮ ಕಾಲು ಏನು ಮಾಡ್ತಾ ಇದೆ?”

“ಅಭ್ಯಾಸ ಸಾರ್,” ಎಂದು ಅವರು ಕಾಲನ್ನು ಒಳಕ್ಕೆ ಎಳೆದುಕೊಂಡರು.

“ನಿಮ್ಮ ಸ್ಕೂಲಿನ ಕಾರಲ್ಲಿ ಆ ಜಾಗದಲ್ಲಿ ಏನಿದೆ?”

“ಅದಾ... ಒಂದು ಕ್ಲಚ್ಚು, ಒಂದು ಬ್ರೇಕು. ಸೇಫ್ಟಿಗೆ ಸಾರ್, ಎಲ್ಲಾ ಸ್ಕೂಲಲ್ಲೂ ಇರತ್ತೆ.”

“ಹಾಗಾದ್ರೆ ಇಷ್ಟು ದಿನ ಕಾರು ಓಡಿಸ್ತಿದ್ದದ್ದು ಯಾರು?”

ಸಾಹೇಬರು ಗಂಟಲ ಮೇಲೆ ಕೈಯಿಟ್ಟುಕೊಂಡು ಹೇಳಿದರು: “ಸ್ಟೇರಿಂಗ್ ಪೂರಾ ನಿಮ್ದೇ ಸಾರ್, ಖುದಾ ಕಸಂ! ಹಾರ್ನೂ ನಿಮ್ದೇ!”

ಎದುರುಮನೆಯವರು ಗೇಟು ಹಿಡಿದುಕೊಂಡು ನಕ್ಕರು. ಜಗಲಿಯ ಮೇಲೆ ನನ್ನ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಆಮೇಲೆ ನಾಲ್ಕೂ ಜನ ಸೇರಿ ಎಂದಿನಂತೆ ಕಾರನ್ನು ಷೆಡ್ಡಿಗೆ ತಳ್ಳಿದೆವು. ಸಾಹೇಬರೂ ಕೈ ಹಾಕಿದರು. ಒಳ್ಳೆಯ ಮನುಷ್ಯ, ಯಾರೂ ಹೆದರಬಾರದೆಂದು ಎಲ್ಲರ ಕ್ಲಚ್ಚನ್ನೂ ತಾವೇ ತುಳಿಯುತ್ತಿದ್ದರು.

ಆ ರಾತ್ರಿ ಊಟಕ್ಕೆ ಕೂತಾಗ ಲಾರಿಯೇ ಆಗಲಿ ಎಂದೆ. ಹೆಂಡತಿ ಸಾರು ಬಡಿಸುತ್ತಿದ್ದವಳು ಸೌಟು ಹಿಡಿದೇ ಹೇಳಿದಳು.

“ಬರೋ ಭಾನುವಾರ ಮಹದೇವಪುರಕ್ಕೆ ಹೋಗೋಣ. ನಮ್ಮ ತಮ್ಮನ ಹೊಲ ಖಾಲಿ ಬಿದ್ದಿದೆ. ಅವನು ಕಾರು ಓಡಿಸ್ಕೊಂಡು ಬರ್ತಾನೆ.”

“ಕಲಿಸೋರು ಯಾರು? ಅವನಾ?”

“ಅವನಿಗೆ ಎಲ್ಲಿ ತಾಳ್ಮೆ? ನಾನು.”

ನನ್ನ ಮಾವನವರು ಮಹದೇವಪುರ ಇನ್ನೂ ಹಳ್ಳಿಯಾಗಿದ್ದ ಕಾಲದಲ್ಲಿ ಅಲ್ಲಿ ಮೊದಲು ಟ್ರಾಕ್ಟರ್ ತಂದವರು. ಗಂಡುಮಕ್ಕಳು ಆಗಿನ್ನೂ ಚಿಕ್ಕವರು, ಹಿರಿಯಳು ಇವಳೇ. ಮದುವೆಗೆ ಮುಂಚೆ ಎರಡು ವರ್ಷ ರಾಗಿ ಹೊಲವನ್ನು ಇವಳು ಉತ್ತಿದ್ದಳು. ಇದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಮದುವೆಯ ಹೊಸತರಲ್ಲಿ ಹೇಳಿದ್ದಳು, ನಾನು ನಕ್ಕಿದ್ದೆ, ಮಾತು ಅಲ್ಲಿಗೆ ನಿಂತಿತ್ತು.

ಹೊಲ ಎಂದರೆ ಈಗ ಹೊಲವಲ್ಲ. ಮೂರು ಕಡೆ ಅಪಾರ್ಟ್‌ಮೆಂಟುಗಳು ಎದ್ದಿದ್ದವು. ನಡುವೆ ಮುಳ್ಳುತಂತಿ ಹಾಕಿದ, ಹುಲ್ಲು ಒಣಗಿದ ಬಯಲು. ಸ್ವಂತ ಜಾಗ, ಸಾರ್ವಜನಿಕ ರಸ್ತೆಯಲ್ಲ. ಹೆಂಡತಿಗೆ ಲೈಸೆನ್ಸ್ ಇಲ್ಲದಿದ್ದರೂ ಅಲ್ಲಿ ತಪ್ಪಾಗದು ಎಂದು ನಾನು ಮೊದಲೇ ವಿಚಾರ ಮಾಡಿಕೊಂಡಿದ್ದೆ. ಅವಳು ಚಪ್ಪಲಿಯನ್ನು ಹುಲ್ಲಿನ ಮೇಲೆ ಬಿಟ್ಟು, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಸ್ಟೇರಿಂಗಿನ ಮುಂದೆ ಕೂತಳು. ಕಾರು ಕದಲಿದ್ದೇ ತಿಳಿಯಲಿಲ್ಲ. ಬಯಲನ್ನು ಒಂದು ಸುತ್ತು ಹಾಕಿ ನನ್ನ ಮುಂದೆ ತಂದು ನಿಲ್ಲಿಸಿದಳು. ಅಪಾರ್ಟ್‌ಮೆಂಟಿನ ಬಾಲ್ಕನಿಯಿಂದ ಯಾರೋ ಚಪ್ಪಾಳೆ ತಟ್ಟಿದರು.

“ಭಾವ, ಹುಷಾರು,” ಎಂದ ಬಾಮೈದ. “ಅಕ್ಕ ಟ್ರಾಕ್ಟರ್ ಮೇಲೆ ಕೂತ್ರೆ ನಮ್ಮಪ್ಪಂಗೇ ಬೈತಿದ್ಲು. ನಿಮ್ಮನ್ನ ಬಿಡ್ತಾಳಾ?”

ನಾನು ಹತ್ತಲು ಹೋದೆ. “ಶೂ ಬಿಚ್ಚಿ,” ಎಂದಳು.

“ಶೂ ಬಿಚ್ಚಿ ಕಾರು ಓಡಿಸೋದಾ?”

“ದೇವಸ್ಥಾನ ಅಂದ್ಕೊಳ್ಳಿ. ಎಡಗಾಲಿಂದು ಬಿಚ್ಚಿ ಸಾಕು. ಕಾಲ್ಸೀಲನೂ.”

ಬರಿಗಾಲನ್ನು ಕ್ಲಚ್ಚಿನ ಮೇಲಿಟ್ಟೆ. ಕಬ್ಬಿಣ ತಣ್ಣಗಿತ್ತು. ಬಿಟ್ಟೆ, ನೆಗೆಯಿತು, ನಿಂತಿತು. ಬಾಮೈದ ಮುಖ ಆಚೆ ತಿರುಗಿಸಿಕೊಂಡ.

“ಯಾಕ್ರೀ ಕಾಲಲ್ಲಿ ಹುಡುಕ್ತೀರಾ?” ಎಂದಳು. “ಕಿವೀಲಿ ಹುಡುಕಿ. ಮೂಟೆ ಎತ್ತೋನು ಹೊರೆ ಬೆನ್ನಿಗೆ ತಾಗಿದ ಕೂಡ್ಲೆ ಒಂದು ಸಲ ಉಸಿರು ಬಿಗಿ ಹಿಡೀತಾನಲ್ಲ, ಹಂಗೆ ಇಂಜಿನ್ನು ದನಿ ತಗ್ಗಿಸತ್ತೆ. ಅಲ್ಲಿ ಕಾಲು ನಿಲ್ಲಿಸಿ. ಅದು ಹೊರೆ ಹೊತ್ಕೊಳ್ಳೋ ತನಕ ಕಾಯಿರಿ. ಆಮೇಲೆ ಪೂರಾ ಬಿಡಿ.”

ಕಣ್ಣು ಮುಚ್ಚಿಕೊಂಡು ಕಾಲನ್ನು ಮೆಲ್ಲಗೆ ಎತ್ತಿದೆ. ಆ ಇಂಜಿನ್ನಿನ ದನಿಯನ್ನು ನಾನು ಎಷ್ಟೋ ವರ್ಷದ ಬೆಳಿಗ್ಗೆಗಳಲ್ಲಿ ಪಕ್ಕ ನಿಂತು ಕೇಳಿದ್ದೆ. ಕೆಮ್ಮು ಗೊತ್ತು, ಬಿಸಿಯಾದಾಗಿನ ಗುನುಗು ಗೊತ್ತು. ಹೊರೆ ತಾಗಿದಾಗ ಅದು ತಗ್ಗುವುದನ್ನು ಮಾತ್ರ ಕೇಳಿರಲಿಲ್ಲ, ಏಕೆಂದರೆ ನಾನು ಅದಕ್ಕೆ ಹೊರೆಯನ್ನೇ ಕೊಟ್ಟಿರಲಿಲ್ಲ. ಈಗ ತಗ್ಗಿತು. ಕಾಲು ನಿಲ್ಲಿಸಿದೆ. ಒಣಹುಲ್ಲು ಚಕ್ರದ ಕೆಳಗೆ ಚರಚರ ಎಂದಿತು.

“ಕಣ್ಣು ಬಿಡಿ!” ಎಂದು ಹೆಂಡತಿ ಕೂಗಿದಳು. “ಬೇಲಿ ಬಂತು!”

ಆಮೇಲೆ ಪ್ರತಿ ಭಾನುವಾರ ಮಹದೇವಪುರ. ಇಟ್ಟಿಗೆ ಇಟ್ಟು ತಿರುವು ಕಲಿತೆ, ಬಾಮೈದ ಹಾಕಿಸಿದ್ದ ಮಣ್ಣಿನ ಗುಡ್ಡೆಯ ಮೇಲೆ ಏರು ಕಲಿತೆ. ಏರಿನಲ್ಲಿ ಮಾತ್ರ ನೂರಕ್ಕೆ ನೂರು ಬರಲಿಲ್ಲ. ಕೆಲವು ಸಲ ಕಾರು ಹಿಂದಕ್ಕೆ ಜಾರುತ್ತಿತ್ತು. ಕೆ.ಆರ್. ಪುರದಲ್ಲಿ ಲೈಸೆನ್ಸಿನ ಪರೀಕ್ಷೆಯ ದಿನ ಸ್ಕೂಲಿನ ಕಾರನ್ನೇ ತೆಗೆದುಕೊಂಡು ಹೋದೆ. ಆದರೆ ಹೊರಡುವ ಮುಂಚೆ ಸಾಹೇಬರಿಗೆ ಒಂದು ಷರತ್ತು ಹಾಕಿದ್ದೆ. ಅವರು ಅದರಂತೆಯೇ ಕಾಲುಗಳನ್ನು ಸೀಟಿನ ಮೇಲೆ ಮಡಚಿ, ಚಕ್ಕಂಬಕ್ಕಲ ಹಾಕಿಕೊಂಡು ಕೂತರು. ಪರೀಕ್ಷಕರು ಯಾಕೆಂದು ಕೇಳಿದರು. “ಮಂಡಿ ನೋವು ಸಾರ್,” ಎಂದರು ಸಾಹೇಬರು. ನಾನು ಪಾಸಾದೆ.

ಆಯುಧಪೂಜೆಯ ದಿನ ಹಡಗಿನವನು ಬಂದಿದ್ದ. ಕಾರಿಗೆ ಸೇವಂತಿಗೆ ಹಾರ ಹಾಕಿ, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟ ಮೇಲೆ ಎದುರುಮನೆಯವರು ಅಭ್ಯಾಸದಂತೆ ತಳ್ಳಲು ಹಿಂದೆ ಹೋಗಿ ನಿಂತರು. ನಾನು ಅವರನ್ನು ಈ ಕಡೆ ಬರಹೇಳಿ, ಒಳಗೆ ಕೂತು, ಗೇರು ಹಾಕಿ ನಿಂಬೆಹಣ್ಣಿನ ಮೇಲೆ ಕಾರನ್ನು ಹರಿಸಿದೆ. “ಅಯ್ಯೋ, ನಮ್ಮ ಕೆಲಸ ಹೋಯ್ತಲ್ರೀ,” ಎಂದರು ಅವರು.

ಹಬ್ಬ ಮುಗಿದ ಭಾನುವಾರ ಬೆಳಿಗ್ಗೆ ಹೊರಟೆವು. ಇರುವುದು ಎರಡೇ ಸೀಟು. ಒಂದು ನನ್ನದು, ಇನ್ನೊಂದು ಯಾರದೆಂದು ಯಾರೂ ಕೇಳಲಿಲ್ಲ. ಹಡಗಿನವನು ಸ್ಕೂಟರಿನಲ್ಲಿ ಮುಂದೆ ಹೋಗಿ ಅಂಗಡಿಯಲ್ಲಿ ಕಾಯುತ್ತೇನೆಂದ. ನಾನು ಪಾಲಿಷ್ ಮಾಡಿದ ಶೂ ಹಾಕಿಕೊಂಡೇ ಹೊರಟಿದ್ದೆ. ಹೆಂಡತಿ ಶೂ ನೋಡಿ, ಸೆರಗು ಸಿಕ್ಕಿಸಿಕೊಂಡು ಹತ್ತಿ ಕೂತಳು.

ಹಳೆ ಮದರಾಸು ರಸ್ತೆ ಆ ಹೊತ್ತಿಗೆ ಖಾಲಿ ಇತ್ತು. ಎರಡನೆಯ ಗೇರು, ಮೂರನೆಯ ಗೇರು. ಮಡ್‌ಗಾರ್ಡ್ ಇಲ್ಲದ್ದರಿಂದ ಮುಂದಿನ ಚಕ್ರಗಳು ತಿರುಗುವುದು ಕೂತಲ್ಲಿಂದಲೇ ಕಾಣುತ್ತಿತ್ತು. ಅಷ್ಟು ವರ್ಷ ವಾರಕ್ಕೆ ಅರ್ಧ ಸುತ್ತು ತಿರುಗಿದ ಚಕ್ರಗಳು. ಕೆ.ಆರ್. ಪುರದ ಕಡೆಯಿಂದ ರಿಂಗ್ ರೋಡಿಗೆ ತಿರುಗಿದಾಗ ಕ್ಯಾಬ್ ಓಡಿಸುವವರು ಕಿಟಕಿ ಇಳಿಸಿ ನೋಡಿದರು. ಒಬ್ಬ ಆಟೊದವನು ಪಕ್ಕದಲ್ಲೇ ಬಂದು, “ತಾತ, ಸಖತ್!” ಎಂದು ಕೂಗಿದ. ಹೆಂಡತಿ ರಾಜಮಾತೆಯ ಹಾಗೆ ತಲೆ ಬಾಗಿಸಿದಳು.

ಮುಂದೆ ರೈಲು ಹಳಿಗಳ ಮೇಲಿನ ಸೇತುವೆ. ಏರಿನ ನಡುವೆ ಜಲ್ಲಿ ಲಾರಿಯೊಂದು ಕೆಟ್ಟು ನಿಂತಿತ್ತು. ಅದರ ಹಿಂದೆ ನಾವು ನಿಂತೆವು. ನಮ್ಮ ಹಿಂದೆ, ಕನ್ನಡಿಯ ತುಂಬ, ಒಂದು ಬಸ್ಸು ಬಂದು ನಿಂತಿತು.

ಲಾರಿಯ ಪಕ್ಕದಲ್ಲಿ ದಾರಿ ಬಿಟ್ಟಾಗ ಹೊರಡಲು ನೋಡಿದೆ. ಶೂವಿನ ದಪ್ಪ ಅಟ್ಟೆಯ ಕೆಳಗೆ ಕ್ಲಚ್ಚು ಎಲ್ಲಿದೆಯೆಂದೇ ತಿಳಿಯಲಿಲ್ಲ. ಇಂಜಿನ್ ನಿಂತಿತು, ಕಾರು ಹಿಂದಕ್ಕೆ ಜಾರಿತು, ಬ್ರೇಕು ಒತ್ತಿದೆ. ಬಸ್ಸಿನವನು ಹಾರ್ನ್ ಬಡಿದ. ಕಂಡಕ್ಟರು ಬಾಗಿಲಲ್ಲಿ ನೇತಾಡಿಕೊಂಡು, “ಯಜಮಾನ್ರೇ, ಮುಂದಕ್ಕೆ! ನಮ್ಮ ಕಡೆ ಯಾಕೆ ಬರ್ತೀರಾ?” ಎಂದು ಕೂಗಿದ.

ಹೆಂಡತಿ ರಸ್ತೆಯನ್ನೇ ನೋಡುತ್ತಾ, “ಕೈ ಬ್ರೇಕು ಎಳೀರಿ. ಅವನು ಕಾಯ್ತಾನೆ,” ಎಂದಳು.

ಕೈ ಬ್ರೇಕು ಎಳೆದೆ. ಬಗ್ಗಿ, ಎಡಗಾಲಿನ ಲೇಸು ಬಿಚ್ಚಿದೆ. ಶೂ ಬಿಚ್ಚಿ, ಕಾಲ್ಚೀಲ ಮಡಚಿ ಅದರೊಳಗಿಟ್ಟು ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಮಡಿಲಲ್ಲಿ ಇಟ್ಟುಕೊಂಡಳು. ಬಸ್ಸು ಬಡಿದುಕೊಳ್ಳುತ್ತಲೇ ಇತ್ತು. ಗುಂಡಿ ಒತ್ತಿದೆ. ಕಾಲೆತ್ತುತ್ತಾ ಕೇಳಿದೆ. ಹಾರ್ನಿನ ಕೆಳಗೆ, ಕಂಡಕ್ಟರನ ಕೂಗಿನ ಕೆಳಗೆ, ಆ ದನಿ ತಗ್ಗಿತು. ಕಾದೆ. ಕೈ ಬ್ರೇಕು ಬಿಟ್ಟೆ. ಬದನೆಕಾಯಿ ಏರು ಹತ್ತಿತು.

ಸೇತುವೆಯ ನೆತ್ತಿ ದಾಟಿದೆವು. ಇಳಿಜಾರಿನಲ್ಲಿ ಅವಳು, “ನಮ್ಮಪ್ಪ ಇದ್ದಿದ್ರೆ ನಿಮ್ಮನ್ನ ಉಳೋಕೆ ಹಾಕ್ತಿದ್ರು,” ಎಂದಳು. ನನಗೆ ಅದು ದೊಡ್ಡ ಮುದ್ರೆ.

ಅಂಗಡಿಯ ಗಾಜಿನ ಬಾಗಿಲುಗಳನ್ನು ತೆಗೆದು, ಒಳಕ್ಕೆ ಹಲಗೆ ಹಾಸಿ ಸಿದ್ಧ ಮಾಡಿದ್ದರು. ನಾನೇ ಒಳಕ್ಕೆ ಓಡಿಸಿ, ಮಂಚ ಮತ್ತು ಡ್ರೆಸಿಂಗ್ ಟೇಬಲ್ಲಿನ ನಡುವೆ ನಿಲ್ಲಿಸಿ, ಒಂದು ಕಾಲಿಗೆ ಶೂ, ಇನ್ನೊಂದು ಬರಿಗಾಲಿನಲ್ಲಿ ಇಳಿದೆ. ಅಂಗಡಿಯವರು ನನ್ನ ಕಾಲು ನೋಡಿ, ಮರ್ಯಾದೆಗೆ ಬೇರೆ ಕಡೆ ನೋಡಿದರು.

“ಅವತ್ತು ಕೇಳಿದ್ರಲ್ಲ, ಹೇಗೆ ಓಡತ್ತೆ ಅಂತ,” ಎಂದೆ. “ಎಡಕ್ಕೆ ಸ್ವಲ್ಪ ಎಳೆಯತ್ತೆ. ಮೂರನೇ ಗೇರಲ್ಲಿ ಚೆನ್ನಾಗಿ ಹೋಗತ್ತೆ. ಏರಿಗೆ ಹೆದರಲ್ಲ. ಉಳಿದದ್ದೆಲ್ಲ ಸರಿ ಇದೆ.”

ಹಡಗಿನವನು ಸಹಿ ಹಾಕಿದ. ಹಾರದಿಂದ ಒಂದು ಸೇವಂತಿಗೆ ಕಿತ್ತು ಜೇಬಿಗೆ ಹಾಕಿಕೊಂಡು, ಮೂಗು ಉಜ್ಜಿಕೊಂಡ. ಹೊರಡುವಾಗ ನಾನು ಅಂಗಡಿಯವರಿಗೆ ಟೈರಿನ ಬಿಳಿ ಬೊಟ್ಟನ್ನು ತೋರಿಸಿ, ವಾರಕ್ಕೊಮ್ಮೆ ಅರ್ಧ ಸುತ್ತಿನ ವಿಚಾರ ಹೇಳಿದೆ. ಬೊಟ್ಟು ಆಗ ಕೆಳಗಿತ್ತು.

“ಅಲ್ಲ ಸ್ವಾಮಿ, ಗಾಜಿನೊಳಗೆ ನಿಂತಿರೋದನ್ನ ಯಾಕೆ ತಳ್ಳೋದು?”

“ಟೈರು ಚಪ್ಪಟೆಯಾಗತ್ತೆ. ಒಂದು ವಾರ ಮುಂದಕ್ಕೆ, ಒಂದು ವಾರ ಹಿಂದಕ್ಕೆ. ಜಾಗ ಸಾಕಾಗತ್ತೆ, ನೋಡಿದೀನಿ.”

“ನೋಡೋಣ,” ಎಂದರು. ಹೂಂ ಎನ್ನಲೂ ಇಲ್ಲ, ಉಹೂಂ ಎನ್ನಲೂ ಇಲ್ಲ.

ಬಸ್ಸಿನಲ್ಲಿ ಮನೆಗೆ ಬಂದೆವು. ಷೆಡ್ಡಿಗೆ ಸೌದೆ ವಾಪಸು ಬರಲಿಲ್ಲ. ಅಷ್ಟರಲ್ಲಿ ಗ್ಯಾಸಿನ ಗೀಸರು ಬಂದಿತ್ತು. ನೆಲದ ಎಣ್ಣೆ ಕಲೆಯನ್ನು ಸೋಡಾ ಹಾಕಿ ಉಜ್ಜಿದೆ, ಪೂರ್ತಿ ಹೋಗಲಿಲ್ಲ.

ಕೆಲವು ದಿನಗಳ ಮೇಲೆ ಸಂಬಂಧಿಕರೊಬ್ಬರ ಮನೆಗೆ ಆ ಕಡೆ ಹೋಗಬೇಕಾಯಿತು. ಬಸ್ ಸ್ಟಾಪು ಅಂಗಡಿಯ ಎದುರಿಗೇ. ಬಸ್ಸು ನಿಂತಾಗ ಕಿಟಕಿಯಿಂದ ನೋಡಿದೆ. ಗಾಜಿನೊಳಗೆ ದೀಪದ ಕೆಳಗೆ ಬಣ್ಣ ಚೆನ್ನಾಗಿ ಹೊಳೆಯುತ್ತಿತ್ತು. ಟೈರಿನ ಬೊಟ್ಟು ಕೆಳಗೇ ಇತ್ತು, ನಾನು ಬಿಟ್ಟುಬಂದ ಕಡೆಯೇ. ಪಕ್ಕದಲ್ಲಿದ್ದ ಹೆಂಡತಿಗೆ ಹೇಳದೆ ಮುಖ ಈ ಕಡೆ ತಿರುಗಿಸಿಕೊಂಡೆ.

ಮುಂದಿನ ತಿಂಗಳು ಮತ್ತೆ ಹೋಗುವುದಿತ್ತು. ಈ ಸಲ ಕಿಟಕಿಯ ಪಕ್ಕ ಅವಳು ಕೂತಿದ್ದಳು. ಸ್ಟಾಪು ಹತ್ತಿರವಾದಾಗ ನಾನು ಎದುರಿನ ಸೀಟಿನ ಕಂಬಿಯನ್ನು ನೋಡುತ್ತಿದ್ದೆ. ಬಸ್ಸು ನಿಂತಿತು. ಜನ ಇಳಿದರು, ಹತ್ತಿದರು. ಅವಳು ಮೊಣಕೈಯಿಂದ ನನ್ನನ್ನು ತಿವಿದಳು.

“ಮೇಲಿದೆ,” ಎಂದಳು.